ಬೆಳ್ಳಗಾಗುವ ತನಕ

ಅಂಗೈ ನಡುವಿನ ಕಲೆ ಇವತ್ತೂ ಕೆಂಪಗೆ ಹೊಳೆಯುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಟವೆಲು ಮಡಚಿ, ಅದರ ಮೇಲೆ ಅಕ್ಕನ ಬಲಗೈಯನ್ನು ಅಂಗಾತ ಇರಿಸಿ, ಅವನು ಒಂದು ಕೈಯಿಂದ ಮಣಿಕಟ್ಟು ಹಿಡಿದು ಇನ್ನೊಂದರಿಂದ ಅವಳ ನಾಲ್ಕೂ ಬೆರಳುಗಳನ್ನು ಒಟ್ಟಿಗೆ ಹಿಂದಕ್ಕೆ ಒತ್ತತೊಡಗಿದ. ಒತ್ತಿದಂತೆ ಕಲೆ ಬಿಗಿಯಿತು, ಕೆಂಪು ತಿಳಿಯಾಯಿತು, ಅಂಚಿನಲ್ಲಿ ಒಂದು ಬಿಳಿಯ ಎಳೆ ಮೂಡಿತು. ಇನ್ನು ಸ್ವಲ್ಪ ಒತ್ತಿದರೆ ಆ ಬಿಳಿ ಅಂಗೈ ತುಂಬ ಹರಡುತ್ತದೆ. ಹರಡಬೇಕು. ಹರಡಿದ ಮೇಲೆ ಹಾಗೇ ಹಿಡಿದಿರಬೇಕು. ಆಸ್ಪತ್ರೆಯಲ್ಲಿ ಕೈಗೆ ಕಸರತ್ತು ಮಾಡಿಸುವಾಕೆ ಅವನಿಗೆ ಹೇಳಿಕೊಟ್ಟದ್ದು ಇಷ್ಟೇ: "ಬೆಳ್ಳಗಾಗೋ ತನಕ ಒತ್ತಿ. ಬೆಳ್ಳಗಾದ್ಮೇಲೆ ಬಿಡ್ಬೇಡಿ. ಅವರು ಕೂಗ್ಲಿ, ಬೈಲಿ, ನೀವು ಕಿವಿ ಮುಚ್ಕೊಂಡ್ಬಿಡಿ." ಅಕ್ಕ ಕೂಗುವವಳಲ್ಲ, ಕಷ್ಟ ಇರುವುದೇ ಅಲ್ಲಿ. ಕೂಗಿದ್ದರೆ, ಬೈದಿದ್ದರೆ ಅವನೂ ಮೊಂಡುಬಿದ್ದು ಹಿಡಿದಿರುತ್ತಿದ್ದನೋ ಏನೋ. ಅವಳು ಕಿಟಕಿಯಾಚೆ ಏನನ್ನೋ ನೋಡುವವಳಂತೆ ಮುಖ ತಿರುಗಿಸಿ, ಎಡಗೈಯಿಂದ ಮೇಜಿನ ಅಂಚು ಹಿಡಿದು, ಉಸಿರು ಕಟ್ಟಿ ಕೂರುತ್ತಾಳೆ. ಕುತ್ತಿಗೆಯ ನರವೊಂದು ಎದ್ದು ನಿಲ್ಲುತ್ತದೆ. ಆ ನರ ಕಂಡಕೂಡಲೆ ಅವನ ಕೈ ತಾನಾಗಿ ಸಡಿಲುತ್ತದೆ. ಇವತ್ತೂ ಸಡಿಲಿತು. ಬೆರಳುಗಳು ಮೆಲ್ಲಗೆ ಬಾಗಿ ತಮ್ಮ ಜಾಗಕ್ಕೆ ವಾಪಸು ಬಂದವು. "ಆಯ್ತು" ಅಂದ. "ಆಯ್ತಾ?" ಎಂದಳು ಅಕ್ಕ, ಉಸಿರು ಬಿಟ್ಟು. "ಆಯ್ತು." "ಪರ್ವಾಗಿಲ್ವೋ, ಇವತ್ತು ಬೇಗ ಮುಗೀತು." ಅವನು ಟವೆಲು ಜಾಡಿಸುವ ನೆಪದಲ್ಲಿ ಎದ್ದ.

ಕಸರತ್ತಿನಾಕೆಗೆ ಜೈಲರಮ್ಮ ಎಂದು ಹೆಸರಿಟ್ಟವಳು ಅಕ್ಕನೇ. ಆಸ್ಪತ್ರೆಯ ಕೆಳ ಅಂತಸ್ತಿನ ಆ ಕೋಣೆಗೆ ಮೊದಲ ಸಲ ಹೋಗಿ ಬಂದ ದಿನ, "ಸೊಂಟಕ್ಕೊಂದು ಬೀಗದ ಕೈ ಗೊಂಚಲಿಲ್ಲ ನೋಡು, ಅದೊಂದೇ ಕಮ್ಮಿ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಗಟ್ಟಿ ಪ್ಲಾಸ್ಟಿಕ್ಕನ್ನು ಬಿಸಿನೀರಲ್ಲಿ ಮೆದು ಮಾಡಿ, ಅಕ್ಕನ ಕೈಗೆ ಒಪ್ಪುವಂತೆ ಬಗ್ಗಿಸಿ, ಒಂದು ಹಲಗೆ ಮಾಡಿಕೊಟ್ಟವಳು ಜೈಲರಮ್ಮ. ಕಸರತ್ತಿಲ್ಲದ ಹೊತ್ತಿನಲ್ಲೆಲ್ಲ ಕೈ ಆ ಹಲಗೆಯ ಮೇಲೆ ಬಿಚ್ಚಿಕೊಂಡಿರಬೇಕು, ಬೆರಳುಗಳ ಮೇಲೆ ವೆಲ್ಕ್ರೋ ಪಟ್ಟಿ ಎಳೆದು ಅಂಟಿಸಬೇಕು. ಎಷ್ಟು ಎಳೆಯಬೇಕೆಂದು ಪಟ್ಟಿಯ ಮೇಲೆ ಕಪ್ಪು ಶಾಯಿಯಲ್ಲಿ ಗೆರೆ ಹಾಕಿಯೂ ಕೊಟ್ಟಿದ್ದಳು. ಒಂದೇ ಕೈಯಲ್ಲಿ ಕಟ್ಟಿಕೊಳ್ಳಲು ಅಕ್ಕನಿಗೆ ಬರುವುದಿಲ್ಲ, ಕಟ್ಟುವವನು ಅವನೇ. ಗೆರೆಯ ತನಕ ಎಳೆದರೆ ಅವಳ ಹುಬ್ಬು ಗಂಟಾಗುತ್ತದೆ, ಹಾಗಾಗಿ ಗೆರೆ ಇನ್ನೂ ಒಂದು ಬೆರಳಗಲ ದೂರವಿರುವಾಗಲೇ ಅಂಟಿಸಿಬಿಡುತ್ತಾನೆ. ಒಂದು ಬೆರಳಗಲ ಏನು ಮಹಾ, ಎಂದು ಮೊದಮೊದಲು ಅಂದುಕೊಂಡಿದ್ದ. ಆಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟ, ಸುಮ್ಮನೆ ಅಂಟಿಸುತ್ತಿದ್ದ. ಇವತ್ತು ಮಾತ್ರ ಪಟ್ಟಿ ಎಳೆಯುವಾಗ ಕೈ ಒಂದು ಕ್ಷಣ ತಡೆಯಿತು. ಇವತ್ತು ನಾಲ್ಕು ಗಂಟೆಗೆ ಜೈಲರಮ್ಮ ಕೈ ಅಳೆದು ನೋಡುತ್ತಾಳೆ. ರಜೆ ಮುಗಿದು ಶಾಲೆ ತೆರೆಯುವಾಗ ಅಕ್ಕ ಪಾಠಕ್ಕೆ ಹೋಗಬಹುದೋ ಇಲ್ಲವೋ ಇವತ್ತು ಗೊತ್ತಾಗುತ್ತದೆ. ಒಂದೇ ದಿನ ಗೆರೆಯ ತನಕ ಎಳೆದರೆ ಏನು ಬಂದಂತಾಯಿತು ಎಂದು ದಿನದ ಜಾಗದಲ್ಲೇ ಅಂಟಿಸಿದ.

ಅಕ್ಕ ಕಿವಿ ಕೇಳದ ಮಕ್ಕಳಿಗೆ ಕೈಸನ್ನೆಯಲ್ಲಿ ಪಾಠ ಹೇಳುವವಳು. ಅವಳಿಗೆ ಕೈ ಅಂದರೆ ಬರೀ ಕೈಯಲ್ಲ, ನಾಲಿಗೆ. ಇಸ್ತ್ರಿಪೆಟ್ಟಿಗೆ ಮೇಜಿನಿಂದ ಜಾರಿದಾಗ, ಬಿದ್ದರೆ ಬೀಳಲಿ ಎಂದು ಬಿಡುವುದು ಬಿಟ್ಟು, ಕೈಯೇ ಬಾಯಾಗಿರುವ ಈ ಹೆಂಗಸು ಅಂಗೈ ಚಾಚಿ ಅದನ್ನು ಹಿಡಿದುಬಿಟ್ಟಳು. ಹಿಡಿದಮೇಲೂ ತಕ್ಷಣ ಬಿಡಲಿಲ್ಲ, ನೆಲ ಒಡೆದೀತು ಅಂತ! ಇದನ್ನು ಹೇಳುವಾಗಲೆಲ್ಲ ಅವಳು ನಗುತ್ತಾಳೆ, ಅವನಿಗೆ ಒಂದು ಸಲವೂ ನಗು ಬಂದಿಲ್ಲ. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು, ಗಾಯ ಒಣಗಿತು, ಒಣಗಿದ ಮೇಲೆ ಕೈ ಮುದುಡತೊಡಗಿತು. ಕಳೆದ ತಿಂಗಳು ಹಳೆಯ ಕೆಲವು ಮಕ್ಕಳು ನೋಡಲು ಬಂದಿದ್ದರು. ಅಕ್ಕ ಹಲಗೆ ಬಿಚ್ಚಿಸಿಕೊಂಡು ಅವರ ಜೊತೆ ಹರಟೆಗೆ ಕೂತಳು. ಅವನು ಬಾಗಿಲಲ್ಲಿ ನಿಂತು ನೋಡಿದ: ಮಕ್ಕಳ ಕೈಗಳು ಪಟಪಟನೆ ಓಡುತ್ತಿದ್ದವು, ಅಕ್ಕನದು ತಡವರಿಸುತ್ತಿತ್ತು. ಒಂದು ಹುಡುಗಿ ಅರ್ಥವಾಗದೆ ಮುಖ ಮುಂದೆ ತಂದು ಅವಳ ಕೈಯನ್ನು ದಿಟ್ಟಿಸಿದಳು, ಆಮೇಲೆ ಫಕ್ಕನೆ ನಕ್ಕು, ಮರುಕ್ಷಣ ನಕ್ಕದ್ದಕ್ಕೆ ನಾಚಿ ಬಾಯಿ ಮುಚ್ಚಿಕೊಂಡಳು. ಅವರು ಹೋದ ಮೇಲೆ ಅಕ್ಕ ಅಂದಳು, "ನನ್ನ ಕೈ ತೊದಲ್ತಾ ಇದೆ ಕಣೋ. ಎರಡು ವರ್ಷದ ಮಗು ಥರ ಮಾತಾಡ್ತೀನಂತೆ ನಾನು." ಅವತ್ತು ಸಂಜೆ ಅವನು ಬಿಳಿ ಹರಡುವ ತನಕ ಒತ್ತಿದ. ಒಂದೇ ಒಂದು ಸಂಜೆ.

ಮೆಟ್ಟಿಲಿಳಿಯುವಾಗ ಮೇಲಿನ ಮನೆಯ ಬಸ್ ಡ್ರೈವರನ ಹೆಂಡತಿ ಬಕೆಟು ಹಿಡಿದು ಎದುರಾದಳು. ಅವಳಿಗೂ ಅಕ್ಕನಿಗೂ ಅಷ್ಟಕ್ಕಷ್ಟೆ. ಅವಳು ಹಿಂಡದೆ ಹರವಿದ ಬಟ್ಟೆಯ ನೀರು ಇವರ ಒಣಗಿದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತದೆಂದು ವರ್ಷಗಟ್ಟಲೆ ಜಗಳ. ಕೈ ಸುಟ್ಟ ಮೇಲೂ ಅದು ನಿಂತಿರಲಿಲ್ಲ. ಅಕ್ಕ ಎಡಗೈ ಆಡಿಸಿಕೊಂಡು ಜಗಳವಾಡುತ್ತಾಳೆ ಅಷ್ಟೆ. "ಟೀಚರಮ್ಮಂಗೆ ಇವತ್ತಲ್ವಾ ಆಸ್ಪತ್ರೆ?" ಎಂದು ಕೇಳಿದಳು. ಇವಳಿಗೆ ಹೇಗೆ ಗೊತ್ತಾಯಿತು ಎಂದುಕೊಳ್ಳುತ್ತ ಹ್ಞೂಂ ಅಂದ. "ಸರಿಹೋಗುತ್ತೆ ಬಿಡಿ ಅಣ್ಣ. ನೀವಿದೀರಲ್ಲ. ಈ ಕಾಲದಲ್ಲಿ ಯಾವ ತಮ್ಮ ಇಷ್ಟು ಮಾಡ್ತಾನೆ" ಎಂದು ಬಕೆಟು ತುಳುಕಿಸುತ್ತ ಮೇಲೆ ಹೋದಳು. ಅವನು ಉಳಿದ ಮೆಟ್ಟಿಲುಗಳನ್ನು ಬೇಗಬೇಗ ಇಳಿದ.

ಪ್ರಯೋಗಾಲಯದಲ್ಲಿ ಅವನ ಕೆಲಸವೂ ಎಳೆತದ್ದೇ. ಇದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ, ಹಾಗಾಗಿ ಅವನು ಯಾರಿಗೂ ಹೇಳಿಲ್ಲ, ಜೈಲರಮ್ಮನಿಗಂತೂ ಹೇಳಿಲ್ಲ. ಗಾಯ ಮಾಯುವಾಗ ಅಲ್ಲಿಗೆ ಬಂದು ಸೇರುವ ಜೀವಕೋಶಗಳು ಸುತ್ತ ನಾರು ನೇಯುತ್ತವೆ. ನಾರಿನ ಪ್ರೋಟೀನು ಮೊದಲು ಮುದುಡಿಕೊಂಡಿರುತ್ತದೆ, ಯಾರ ಜೊತೆಗೂ ಸೇರುವುದಿಲ್ಲ. ಕೋಶ ಅದರ ತುದಿ ಹಿಡಿದು ಎಳೆಯುತ್ತದೆ. ಎಳೆದಾಗ ಅದು ಬಿಚ್ಚಿಕೊಳ್ಳುತ್ತದೆ, ಒಳಮಡಿಕೆಯಲ್ಲಿ ಅಡಗಿದ್ದ ಕೊಂಡಿ ಹೊರಗೆ ಬರುತ್ತದೆ, ಪಕ್ಕದ ನಾರು ಬಂದು ಆ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಹಾಗೇ ಒಂದಕ್ಕೊಂದು ಸಿಕ್ಕಿ ಬಲೆಯಾಗುತ್ತದೆ. ಆ ಬಲೆಗೆ ಕೋಶ ಕಾಲೂರಿ ನಿಂತು ಮತ್ತೆ ಎಳೆಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಹಸಿರಾಗಿ ಹೊಳೆಯುವ ಆ ಎಳೆಗಳನ್ನು ಮೊದಲ ಸಲ ಕಂಡಾಗ ಅವನು ಊಟ ಮರೆತು ಕೂತಿದ್ದ. ಎಷ್ಟು ಶ್ರದ್ಧೆ! ಒಂದು ಕಣದಷ್ಟು ಜೀವ, ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಕೊಟ್ಟಷ್ಟು ಸಡಿಲವನ್ನು ಎಳೆದು ಎಳೆದು ತನ್ನದು ಮಾಡಿಕೊಂಡು ಅಲ್ಲೇ ಗಂಟು ಹಾಕಿಬಿಡುತ್ತದೆ. ಗಂಟು ಬಿದ್ದ ಸಡಿಲ ವಾಪಸು ಬರುವುದಿಲ್ಲ. ಒಂದು ಬೆರಳಗಲ ಕೊಟ್ಟರೆ ಒಂದು ಬೆರಳಗಲ ಹೋಯಿತು. ಇದು ಅವನಿಗೆ ಅಕ್ಕನ ಕೈ ಸುಡುವುದಕ್ಕಿಂತ ಎಷ್ಟೋ ಮೊದಲೇ ಗೊತ್ತು.

ನಿನ್ನೆ ಎರಡು ಪುಟ್ಟ ಗಾಜಿನ ತಟ್ಟೆಗಳಲ್ಲಿ ಪ್ರೋಟೀನಿನ ದ್ರವಕ್ಕೆ ಕೋಶಗಳನ್ನು ಬೆರೆಸಿ ಇಟ್ಟಿದ್ದ, ಅದು ಬೆಳಗ್ಗೆ ತಿಳಿ ಜೆಲ್ಲಿಯಂತೆ ಗಟ್ಟಿಯಾಗಿ ತಟ್ಟೆಯ ಅಂಚಿಗೆ ಕಚ್ಚಿಕೊಂಡಿತ್ತು. ಒಂದನ್ನು ಹಾಗೇ ಬಿಡಬೇಕು. ಅಂಚು ಹಿಡಿದಿಟ್ಟಿರುವ ತನಕ ಒಳಗಿನ ಕೋಶಗಳು ಎಷ್ಟೇ ಎಳೆದರೂ ಅದು ಅಗಲವಾಗಿಯೇ ಇರುತ್ತದೆ. ಇನ್ನೊಂದರ ಅಂಚನ್ನು ತೆಳು ಅಲಗಿನಿಂದ ಸುತ್ತ ಬಿಡಿಸಬೇಕು. ಬಿಡಿಸಿದ್ದು ಕೆಲವೇ ಗಂಟೆಗಳಲ್ಲಿ ಮುದುಡಿ ಅಂಗಿಯ ಗುಂಡಿಯಷ್ಟಾಗುತ್ತದೆ. ಮಧ್ಯಾಹ್ನ ಇಬ್ಬರು ಅತಿಥಿಗಳು ನೋಡಲು ಬರುವವರಿದ್ದರು, ಅವರಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕೆಂದು ಪ್ರಯೋಗಾಲಯದ ಮೇಡಂ ವಾರದಿಂದ ಹೇಳುತ್ತಿದ್ದರು. ಅವನು ಅಲಗು ಹಿಡಿದ. ಸಾಲದು ಅಂತಾಳೆ ಜೈಲರಮ್ಮ ಇವತ್ತು, ಬೆರಳು ಬಿಚ್ಚೋ ಕೋನ ಸಾಲದು ಅಂತಾಳೆ. ಹಾಗಂದರೆ ನಾನೇ ಅವಳಿಗೆ ಹೇಳಿಬಿಡಬೇಕು. ಮೇಡಂ, ತಪ್ಪು ನಂದು, ನಾನು ಬೆಳ್ಳಗಾಗೋಕೆ ಮುಂಚೆ ಬಿಟ್ಬಿಡ್ತಿದ್ದೆ. ಇದರಲ್ಲೇನಿದೆ ಹೇಳೋಕೆ. ನಾಲ್ಕು ಮಾತು. ಅಲಗನ್ನು ತಟ್ಟೆಯ ಅಂಚಿಗೆ ತಾಗಿಸಿ ಮೆಲ್ಲಗೆ ಸುತ್ತು ಹಾಕಿದ. ಅಕ್ಕ ಏನಂತಾಳೆ? ಅಕ್ಕ ಏನೂ ಅನ್ನೋದಿಲ್ಲ, ನೋಡ್ತಾಳೆ. ಆ ನೋಟ ಒಂದು ಬೇಡ. ಅಲಗನ್ನು ಒರೆಸಿ ಇಟ್ಟು, ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯೊಳಗೆ ಸೇರಿಸಿ, ಬಾಗಿಲು ಮುಚ್ಚಿದ.

ಮಧ್ಯಾಹ್ನ ಅತಿಥಿಗಳು ಬಂದರು. ಒಬ್ಬರಿಗೆ ಕೆಮ್ಮು, ಇನ್ನೊಬ್ಬರಿಗೆ ಎಲ್ಲದರಲ್ಲೂ ಆಸಕ್ತಿ. ಪರದೆಯ ಮೇಲೆ ಹಸಿರು ಬಲೆ ತೋರಿಸುತ್ತ ಅವನು ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಹೊರಗಿನವರ ಮುಂದೆ ಅವನಿಗೆ ಮಾತು ನೀರು ಕುಡಿದಷ್ಟು ಸಲೀಸು. ಕೋಶ ಹೇಗೆ ಕಾಲೂರುತ್ತದೆ, ಹೇಗೆ ಹಿಡಿಯುತ್ತದೆ, ಎಳೆತದಿಂದ ಮುದುಡಿದ್ದು ಹೇಗೆ ಬಿಚ್ಚಿಕೊಳ್ಳುತ್ತದೆ. ಸುಟ್ಟಗಾಯದ ಕಲೆ ಗಟ್ಟಿಯಾಗುವುದೂ ಹೀಗೆಯೇ ಎಂದು ಹೇಳುವಾಗ ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಹಾಗಾದ್ರೆ ತಡೆಯೋದು ಹೇಗೆ?" ಎಂದು ಕೇಳಿದರು ಆಸಕ್ತಿಯವರು. "ಬಿಚ್ಚಿ ಹಿಡಿದಿಡ್ಬೇಕು. ಕೋಶಗಳು ಎಳೀತಾನೇ ಇರ್ತವೆ, ನಾವು ಬಿಡಬಾರ್ದು." "ಅಷ್ಟೇನಾ?" "ಅಷ್ಟೇ ಸರ್." "ಓ, ಸುಲಭ ಅಲ್ವಾ ಹಾಗಾದ್ರೆ" ಎಂದರು ಅವರು, ಒಳ್ಳೆಯ ಮನಸ್ಸಿನಿಂದಲೇ. ಮೇಡಂ ನಕ್ಕರು. ಅವನೂ ನಕ್ಕ. ಆಮೇಲೆ ಪೆಟ್ಟಿಗೆಯ ಬಾಗಿಲು ತೆಗೆದು ತಟ್ಟೆಗಳನ್ನು ಮೇಜಿಗೆ ತಂದಿಟ್ಟ. ಎರಡು ತಟ್ಟೆಗಳಲ್ಲೂ ಮುದುಡಿದ ಒಂದೊಂದು ಗುಂಡಿ ತೇಲುತ್ತಿತ್ತು.

ಬೆಳಗ್ಗೆ ಒಂದು ತಟ್ಟೆಗೆ ಅಲಗು ಹಾಕಿದ್ದು ನೆನಪಿತ್ತು. ಇನ್ನೊಂದಕ್ಕೆ ಯಾವಾಗ ಹಾಕಿದ? ಹಾಗೇ ಬಿಡಬೇಕಾದ ತಟ್ಟೆಯ ಮುಚ್ಚಳದ ಮೇಲೆ ಅವನೇ ದೊಡ್ಡದಾಗಿ ಗುರುತು ಮಾಡಿದ್ದ, ಅದು ಅವನನ್ನೇ ನೋಡುತ್ತಿತ್ತು. ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಎರಡನ್ನೂ ಬಿಡಿಸ್ಬಿಟ್ರಾ?" ಕೆಮ್ಮಿನವರು ಕೆಮ್ಮಿದರು. "ಹೋಲಿಸಿ ನೋಡೋಕಾದ್ರೂ ಒಂದನ್ನ ಹಿಡಿದಿಡೋದಲ್ವೇನ್ರೀ? ಇಷ್ಟು ವರ್ಷದಿಂದ ಮಾಡ್ತಾ ಇದೀರಿ" ಎಂದರು ಮೇಡಂ, ಮೆಲ್ಲಗೇ ಅಂದರು, ಆದರೂ ಎಲ್ಲರಿಗೂ ಕೇಳಿಸಿತು. ಅವನ ಮುಖ ಬಿಸಿಯಾಯಿತು. ಅತಿಥಿಗಳೆದುರು ಮಾನ ಹೋದದ್ದಕ್ಕಲ್ಲ. ಅಲಗು ತಿರುಗಿಸಿದ್ದು ತನಗೆ ನೆನಪೇ ಇಲ್ಲವಲ್ಲ ಎಂದು ಭಯವಾಯಿತು. ಅಷ್ಟು ಸಲೀಸಾಗಿ ಬಿಟ್ಟುಬಿಡುವ ಕೈ ತನ್ನದು. ಕೈಗೆ ಅದೇ ಅಭ್ಯಾಸವಾಗಿಹೋಗಿದೆ. "ಇನ್ನೊಂದು ಸಲ ಮಾಡ್ತೀನಿ ಮೇಡಂ" ಅಂದ. ಇನ್ನೊಂದು ಸಲ ಮಾಡಬಹುದು, ಇದು ತಟ್ಟೆ.

ನಾಲ್ಕು ಗಂಟೆಗೆ ಆಸ್ಪತ್ರೆಯ ಕೆಳ ಅಂತಸ್ತಿನಲ್ಲಿ ಅಕ್ಕ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಶಾಲೆಗೆ ಹೋಗುವಾಗ ಉಡುವ ನೀಲಿ ಸೀರೆ ಉಟ್ಟಿದ್ದಳು. ಅದನ್ನು ಒಂದೇ ಕೈಯಲ್ಲಿ ಹೇಗೆ ಉಟ್ಟಳೋ, ನೆರಿಗೆ ಸ್ವಲ್ಪ ಓರೆಯಾಗಿತ್ತು. "ಹೆಡ್ಮಿಸ್ ಫೋನ್ ಮಾಡಿದ್ರು ಕಣೋ" ಎಂದಳು, ಅವನು ಪಕ್ಕದಲ್ಲಿ ಕೂತ ಕೂಡಲೆ. "ನಿಮ್ಮ ಕ್ಲಾಸನ್ನ ಯಾರಿಗೂ ಕೊಟ್ಟಿಲ್ಲ, ಇವತ್ತು ಏನು ಹೇಳ್ತಾರೋ ತಿಳಿಸಿ ಅಂದ್ರು. ನಾನು, ಬರ್ತೀನಿ ಅಂತಾನೇ ಬರ್ಕೊಳಿ ಅಂದ್ಬಿಟ್ಟೆ." ಅವನು ಗೋಡೆಯ ಮೇಲಿನ ಮೂಳೆಯ ಚಿತ್ರ ನೋಡಿದ. ಮೇಡಂ, ತಪ್ಪು ನಂದು. ಅಷ್ಟು ಹೇಳಿ ಶುರುಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಚಿಕ್ಕವನಿದ್ದಾಗ ಕಾಲಿಗೆ ಮುಳ್ಳು ಹೊಕ್ಕರೆ ತೆಗೆಯುತ್ತಿದ್ದವಳು ಅಕ್ಕ. ಅವನು ಬೀದಿಗೆಲ್ಲ ಕೇಳುವಂತೆ ಅರಚಿದರೂ ಮೊಣಕಾಲಿನಿಂದ ಅವನ ಕಾಲನ್ನು ಅದುಮಿಟ್ಟು, ನಾಲಿಗೆ ಕಚ್ಚಿಕೊಂಡು, ಸೂಜಿ ತಿರುವಿ ತಿರುವಿ ಮುಳ್ಳಿನ ತುದಿಯ ಚೂರನ್ನೂ ಬಿಡದೆ ತೆಗೆಯುತ್ತಿದ್ದಳು. ಕಟುಕಿ ಎಂದು ಅವನು ಬೈದದ್ದಕ್ಕೆ ಲೆಕ್ಕವಿಲ್ಲ. ಒಂದು ಗಾಯವೂ ಕೀವಾಗಲಿಲ್ಲ. ಒಳಗಿನಿಂದ, "ಟೀಚರ್, ಬನ್ನಿ" ಎಂದು ಜೈಲರಮ್ಮ ಕರೆದಳು.

ಜೈಲರಮ್ಮ ಅಕ್ಕನ ಹಲಗೆ ಬಿಚ್ಚಿ ಪಕ್ಕಕ್ಕಿಟ್ಟು, ಸಣ್ಣ ಕೋನಮಾಪಕವನ್ನು ಒಂದೊಂದು ಬೆರಳಿನ ಮೇಲೂ ಇಟ್ಟು ನೋಡಿದಳು. ಕಿರುಬೆರಳಿಗೆ ಎರಡು ಸಲ ಇಟ್ಟಳು, ಉಂಗುರದ ಬೆರಳಿಗೂ ಎರಡು ಸಲ. ಆಮೇಲೆ ಹಲಗೆಯನ್ನು ಎತ್ತಿಕೊಂಡಳು. ಅವಳು ಅದನ್ನೇಕೆ ನೋಡುತ್ತಿದ್ದಾಳೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಪಟ್ಟಿ ಕಂಡ ಮೇಲೆ ತಿಳಿಯಿತು. ಅದರ ಜುಂಗು ದಿನಾ ಅಂಟಿಸಿ ಕಿತ್ತ ಕಡೆ ಸವೆದು ನಯವಾಗಿತ್ತು. ಕಪ್ಪು ಗೆರೆ ಅದರಿಂದ ಒಂದು ಬೆರಳಗಲ ಆಚೆ, ನಿನ್ನೆ ಎಳೆದಂತೆ ಹೊಚ್ಚ ಹೊಸದಾಗಿ ಉಳಿದಿತ್ತು, ಅದರ ಸುತ್ತಲಿನ ಜುಂಗು ಹೂವಿನಂತೆ ನಿಂತಿತ್ತು. ಜೈಲರಮ್ಮ ಅದನ್ನು ಅಕ್ಕನ ಮುಂದೆ ಹಿಡಿದಳು. "ಏನಿದು ಟೀಚರ್? ಈ ಗೆರೆ ನಾನು ಯಾಕೆ ಹಾಕಿದ್ದು, ಚಂದಕ್ಕಾ? ಒಂದು ದಿನಾನಾದ್ರೂ ಇಲ್ಲಿ ತನಕ ಬಂದಿದ್ಯಾ ಇದು?"

ಈಗ. ಮೇಡಂ, ತಪ್ಪು ನಂದು. ಅವನು ಬಾಯಿ ತೆರೆದ. ತೆರೆದದ್ದು ನಿಜ, ತುಟಿ ಒಣಗಿ ಅಂಟಿಕೊಂಡದ್ದು ಬಿಡಿಸಿಕೊಂಡದ್ದೂ ಗೊತ್ತಾಯಿತು. "ನಾನೇ ಸಡಿಲ ಮಾಡ್ಕೊಂಡೆ" ಎಂದಳು ಅಕ್ಕ. "ನೋವು ತಡ್ಕೊಳೋಕೆ ಆಗ್ತಿರ್ಲಿಲ್ಲ." ಜೈಲರಮ್ಮ ಪಟ್ಟಿಯನ್ನು ಮೇಜಿನ ಮೇಲೆ ಬಿಟ್ಟಳು. "ಮಕ್ಕಳಿಗೆ ಪಾಠ ಹೇಳೋರು ನೀವು, ಏನಂತ ಬೈಲಿ ನಿಮ್ಗೆ? ಪಾಪ ಈ ತಮ್ಮ ನೋಡಿ, ಕೆಲಸ ಬಿಟ್ಟು ಪ್ರತಿ ಸಲ ಓಡ್ಬರ್ತಾರೆ, ಎರಡು ಹೊತ್ತೂ ಕೂತು ಒತ್ತುತಾರೆ. ಅವರ ಶ್ರಮಕ್ಕಾದ್ರೂ ಬೆಲೆ ಬೇಡ್ವಾ?" ಅವನ ಬಾಯಿ ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚಿದ. ಬೈಗುಳವಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, ಈ ಹೊಗಳಿಕೆಯನ್ನು ಏನು ಮಾಡುವುದು? ಆದರೂ ಅದನ್ನು ಬೇಡ ಅನ್ನಲಿಲ್ಲ ಅವನು. ಅಕ್ಕನ ಮರೆಯಲ್ಲಿ, ಅಕ್ಕನ ಸೀರೆಯ ನೆರಿಗೆ ನೋಡುತ್ತ, ಒಳ್ಳೆಯ ತಮ್ಮನಾಗಿಯೇ ಕೂತುಬಿಟ್ಟ. ಜೈಲರಮ್ಮ ಈಗ ಬೈಯುವ ದನಿ ಬಿಟ್ಟು ಬೇರೆ ದನಿಯಲ್ಲಿ ಮಾತಾಡುತ್ತಿದ್ದಳು, ಅದು ಇನ್ನೂ ಕೆಟ್ಟದಾಗಿತ್ತು. ಕಿರುಬೆರಳು, ಉಂಗುರದ ಬೆರಳು ಇನ್ನು ಒತ್ತಿದರೆ ಬರುವುದಿಲ್ಲ, ಕಲೆಯನ್ನು ಕತ್ತರಿಸಿ ಮತ್ತೆ ಚರ್ಮ ಹಾಕಬೇಕು, ಅದೂ ಈ ಕಲೆ ಮಾಗಿದ ಮೇಲೆ. ಈ ವರ್ಷ ಶಾಲೆಯ ಮಾತು ಬೇಡ. ಹೆಬ್ಬೆರಳು, ತೋರುಬೆರಳು, ನಡುಬೆರಳು ಇನ್ನೂ ಕೈ ತಪ್ಪಿಲ್ಲ. ಇವತ್ತಿನಿಂದಲೇ ಸರಿಯಾಗಿ ಒತ್ತಿದರೆ ಅವು ಮೂರು ಉಳಿಯುತ್ತವೆ. "ಇಲ್ಲಾಂದ್ರೆ ಮುಷ್ಟಿಯೇ ಗತಿ" ಎಂದಳು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು, ಕ್ಲಾಸಿನಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ. ಹಲಗೆ ಕಟ್ಟಿಕೊಟ್ಟವಳು ಜೈಲರಮ್ಮನೇ, ಗೆರೆಯ ತನಕ ಎಳೆದು ಅಂಟಿಸಿದಳು. ಅಕ್ಕನ ಹುಬ್ಬು ಗಂಟಾಯಿತು. ಜೈಲರಮ್ಮ ಅದನ್ನು ನೋಡಲೇ ಇಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅಕ್ಕ ಕೂತಳು, ಹಲಗೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. ಅವನು ಏನಾದರೂ ಹೇಳಬೇಕಿತ್ತು, ಹೆಡ್ಮಿಸ್‌ಗೆ ಫೋನ್ ಮಾಡೋಣವಾ ಎಂದು ಕೇಳಿದ. "ಮಾಡ್ತೀನಿ ಬಿಡು" ಎಂದಳು. ಒಂದು ನಿಲ್ದಾಣ ಹೋಯಿತು. ಅಂಗಡಿಗಳು, ಒಂದು ಪೆಟ್ರೋಲ್ ಬಂಕು, ಗೋಡೆಗೆ ಸುಣ್ಣ ಹೊಡೆಯುತ್ತಿದ್ದ ಇಬ್ಬರು. "ನೀನು ಯಾಕೆ ಹಾಗಂದೆ ಅಲ್ಲಿ?" ಎಂದು ಕೊನೆಗೂ ಕೇಳಿದ. ಅಕ್ಕ ತಿರುಗಿ ನೋಡಲಿಲ್ಲ. "ಇನ್ನೇನನ್ಲಿ? ನೀನಂತೂ ಬಾಯಿ ಬಿಟ್ಕೊಂಡು ಕೂತಿದ್ದೆ, ಮೀನಿನ ಹಾಗೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ಕೈ ನಂದು ಕಣೋ. ನೀನು ಆಯ್ತು ಆಯ್ತು ಅಂದಾಗ್ಲೆಲ್ಲ ಆಗಿಲ್ಲ ಅಂತ ನಂಗೆ ಗೊತ್ತಿತ್ತು." "ಮತ್ತೆ ಹೇಳೋದಲ್ವಾ?" ಎಂದ ಅವನು, ಸ್ವಲ್ಪ ಜೋರಾಗಿಯೇ, ಹೇಳಿದ ಮೇಲೆ ತನ್ನ ದನಿಗೇ ಅಸಹ್ಯಪಟ್ಟ. ಮುಂದಿನ ಸೀಟಿನವನು ತಿರುಗಿ ನೋಡಿದ. "ನೋಯಿಸು ನೋಯಿಸು ಅಂತ ಯಾರಾದ್ರೂ ಬೇಡ್ಕೊಳ್ತಾರೇನೋ? ನೀನು ಬಿಟ್ಟಾಗ ಹಾಯೆನಿಸ್ತಿತ್ತು. ಅಬ್ಬಾ ಮುಗೀತಲ್ಲ ಅನಿಸ್ತಿತ್ತು. ಬೇಗ ಮುಗೀತು ಅಂತ ನಿನ್ನ ಮುಂದೆ ಹೇಳ್ತಾನೂ ಇದ್ದೆ. ನೀನು ಕೇಳಿಸ್ಕೊಂಡು ಟವೆಲ್ ಜಾಡಿಸ್ತಿದ್ದೆ." ಅವಳು ಎಡಗೈಯಿಂದ ಕೂದಲು ಹಿಂದೆ ಸರಿಸಿಕೊಂಡಳು. "ಇಬ್ರೂ ಸೇರಿ ಚೆನ್ನಾಗಿ ಆಟ ಆಡಿದ್ವಿ."

ಬೇರೆ ಏನಾದರೂ ಅಂದಿದ್ದರೆ, ನಿನ್ನಿಂದ ನನ್ನ ಶಾಲೆ ಹೋಯಿತು ಎಂದಿದ್ದರೆ, ಅವನು ಅತ್ತುಬಿಡುತ್ತಿದ್ದ, ಅತ್ತು ಹಗುರಾಗುತ್ತಿದ್ದ. ಅದನ್ನೂ ಕೊಡಲಿಲ್ಲ ಅವಳು. ಅವಳ ನೋವನ್ನು ನೋಡಲಾರೆನೆಂದು ಬಿಟ್ಟೆ ಎಂದುಕೊಂಡಿದ್ದ ಇಷ್ಟು ದಿನ. ನೋಡಲಾರದ್ದು ಅವಳ ನೋವನ್ನಲ್ಲ, ಅವಳಿಗೆ ನೋವು ಕೊಡುವ ತನ್ನನ್ನು. ಅವಳ ಕಣ್ಣಿನಲ್ಲಿ ತಾನು ಒಳ್ಳೆಯವನಾಗಿ ಇರಲೆಂದು ಎರಡು ಬೆರಳು ತಿಂದುಹಾಕಿದ. ಕೋಶಗಳನ್ನು ಬೈದು ಏನು ಪ್ರಯೋಜನ, ಅವು ಪಾಪ ತಮ್ಮ ಕೆಲಸ ತಪ್ಪದೆ ಮಾಡಿದವು. "ಇವತ್ತಿಂದ ಸರಿಯಾಗಿ ಒತ್ತುತೀನಿ ಅಕ್ಕ" ಎಂದ. "ಆಣೆ ಮಾಡಿ ಹೇಳ್ತೀನಿ." ಅಕ್ಕ ಈಗ ತಿರುಗಿ ಅವನನ್ನು ನೋಡಿದಳು. ಅವನು ಬೆಳಗ್ಗಿನಿಂದ ಹೆದರಿದ್ದ ನೋಟ ಅದಾಗಿರಲಿಲ್ಲ. ಅದರಲ್ಲಿ ಮರುಕವಿತ್ತು. "ಬೇಡ ಕಣೋ. ನೀನು ಬೇಡ. ಮೇಲಿನ ಮನೆಯವಳಿಗೆ ಹೇಳ್ತೀನಿ." "ಯಾರು, ಡ್ರೈವರ್ ಹೆಂಡ್ತೀನಾ? ನೀನೂ ಅವಳೂ ದಿನಾ ಕಚ್ಚಾಡ್ತೀರಲ್ಲೇ!" "ಅದಕ್ಕೇ" ಎಂದಳು ಅಕ್ಕ. "ಅವಳಿಗೆ ನನ್ನ ಮೇಲೆ ನಿನ್ನಷ್ಟು ಪ್ರೀತಿ ಇಲ್ಲ."

ಡ್ರೈವರನ ಹೆಂಡತಿ ಸಂಜೆಯೇ ಬಂದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಬರುವಾಗಲೇ, "ಬಟ್ಟೆ ವಿಷ್ಯ ಎತ್ತಂಗಿಲ್ಲ ಟೀಚರಮ್ಮ, ಈಗ್ಲೇ ಹೇಳ್ತೀನಿ" ಎಂದು ಕರಾರು ಹಾಕಿದಳು. "ಕೈ ಸರಿಯಾಗ್ಲಿ, ಆಮೇಲೆ ಇದೆ ನಿಂಗೆ" ಎಂದಳು ಅಕ್ಕ. ಅವನು ಟವೆಲು ಮಡಚಿ ಮೇಜಿನ ಮೇಲೆ ಇಟ್ಟುಕೊಟ್ಟ. ಮಣಿಕಟ್ಟು ಹೀಗೆ ಹಿಡಿಯಬೇಕು, ಬೆರಳು ಹೀಗೆ, ಬುಡದಿಂದ ಒತ್ತಬೇಕು ತುದಿಯಿಂದಲ್ಲ ಎಂದು ತೋರಿಸಿಕೊಟ್ಟ. ಅಕ್ಕನ ಅಂಗೈ ಬೆಚ್ಚಗಿತ್ತು. ಕೈ ಬದಲಾಯಿಸುವಾಗ ಬಿಡಲು ಮನಸ್ಸಾಗದೆ ಒಂದು ಕ್ಷಣ ಹಿಡಿದೇ ಇದ್ದ. ಡ್ರೈವರನ ಹೆಂಡತಿ, "ಕೊಡಿ ಅಣ್ಣ, ಕೊಡಿ" ಎಂದು ತೆಗೆದುಕೊಂಡಳು. ಅವನು ಹಿಂದಿನ ಬಾಲ್ಕನಿಯ ನಲ್ಲಿಯ ಹತ್ತಿರ ಬಂದು, ತೊಳೆದಿದ್ದ ಲೋಟವನ್ನು ಮತ್ತೆ ತೊಳೆಯತೊಡಗಿದ. ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರಿನ ಸದ್ದಿನಲ್ಲಿ ಒಳಗಿನದು ಏನೂ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಆ ಸದ್ದನ್ನೂ ಮೀರಿ ಡ್ರೈವರನ ಹೆಂಡತಿ ಕರೆದಳು.

"ಅಣ್ಣಾ, ಬೆಳ್ಳಗೆ ಅಂದ್ರೆ ಎಷ್ಟು ಬೆಳ್ಳಗೆ? ನಂಗೊತ್ತಾಗ್ತಾ ಇಲ್ಲ. ಬಂದು ನೋಡಿ ಹೇಳಿ, ಇಷ್ಟು ಸಾಕಾ?"

ಅವನು ಲೋಟ ಕೆಳಗಿಟ್ಟು ಒಳಗೆ ಹೋದ. ಅಂಗೈಯ ಕೆಂಪು ತಿಳಿಯಾಗಿತ್ತು. ಅಂಚಿನಲ್ಲಿ ಬಿಳಿಯ ಎಳೆ ಮೂಡಿತ್ತು, ಅವನು ದಿನಾ ಬಿಡುತ್ತಿದ್ದ ಅದೇ ಜಾಗದಲ್ಲಿ. ಕುತ್ತಿಗೆಯ ನರ ಎದ್ದು ನಿಂತಿತ್ತು. ಅಕ್ಕ ಇವತ್ತು ಕಿಟಕಿಯಾಚೆ ನೋಡುತ್ತಿರಲಿಲ್ಲ, ಮೇಜಿನ ಅಂಚು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ಸಾಕು ಅನ್ನು ಎಂದು ಆ ಕಣ್ಣು ಕೇಳುತ್ತಿತ್ತೋ, ಅನ್ನಬೇಡ ಎಂದು ಕೇಳುತ್ತಿತ್ತೋ, ಎರಡೂ ಇತ್ತು.

"ಸಾಕಾ ಅಣ್ಣ? ಬಿಡ್ಲಾ?"

ಆಯ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ದಿನಾ ಎರಡು ಹೊತ್ತು ಆಡಿ ಆಡಿ ಪಳಗಿದ ಮಾತು.

"ಇಲ್ಲ" ಅಂದ. "ಇನ್ನೂ ಸ್ವಲ್ಪ."

ಡ್ರೈವರನ ಹೆಂಡತಿ ಒತ್ತಿದಳು. ಅಕ್ಕ ಕೂಗಿದಳು. ಇಷ್ಟು ದಿನದಲ್ಲಿ ಅವಳು ಕೂಗಿದ್ದು ಅದೇ ಮೊದಲು. ಅವನು ಕಿವಿ ಮುಚ್ಚಿಕೊಳ್ಳಲಿಲ್ಲ. ಅಂಗೈಯ ಮೇಲೆ ಮೆಲ್ಲಗೆ ಹರಡುತ್ತಿದ್ದ ಬಿಳಿಯನ್ನೇ ನೋಡುತ್ತ ನಿಂತ.

"ಬಿಡ್ಬೇಡಿ" ಅಂದ. "ಇನ್ನೂ ಸ್ವಲ್ಪ."